ಥೂ ಅಣ್ಣನ ಬೇಲಿ

ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಊರಿಗೆಲ್ಲ ಅವನು ಥೂ ಅಣ್ಣ. ಬೆಳಿಗ್ಗೆ ಪಂಪ್‌ಹೌಸಿನ ಮೆಟ್ಟಿಲಿಳಿದು, ಹೊಳೆಯ ಕಡೆ ಒಮ್ಮೆ ನೋಡಿ ‘ಥೂ’ ಅಂದನೆಂದರೆ ಅವನ ಕೆಲಸ ಶುರುವಾಯಿತು ಎಂದು ಅರ್ಥ. ಸಂಜೆ ಕೈಕಾಲು ತೊಳೆದು, ತೊಳೆದ ನೀರನ್ನೇ ನೋಡಿ ಇನ್ನೊಮ್ಮೆ ‘ಥೂ’ ಅಂದರೆ ಮುಗಿಯಿತು ಎಂದು ಅರ್ಥ. ನಡುವೆ ಎಷ್ಟು ಸಲ ಅನ್ನುತ್ತಿದ್ದನೋ ಎಣಿಸಿದವರಿಲ್ಲ. ಅವನ ಜಾಗದಲ್ಲಿ ಯಾರಿದ್ದರೂ ಅಷ್ಟೇ ಸಲ ಅನ್ನುತ್ತಿದ್ದರು.

ಹೊಳೆಯಿಂದ ನೀರೆತ್ತುವ ಪಂಪಿನ ಬಾಯಿಗೆ ಕಬ್ಬಿಣದ ಕಂಬಿಗಳ ಒಂದು ಜಾಲರಿ ಇತ್ತು, ಮೇಲಿನಿಂದ ತಳದ ಕೆಸರಿನವರೆಗೆ. ನೀರಿನೊಡನೆ ಬಂದ ಕಸವೆಲ್ಲ ಅದಕ್ಕೆ ಬಂದು ಅಂಟಿಕೊಳ್ಳುತ್ತಿತ್ತು. ಅದನ್ನು ಉದ್ದನೆಯ ಕೊಕ್ಕೆಯಿಂದ ಎಳೆದು ದಡಕ್ಕೆ ಹಾಕುವುದು ಥೂ ಅಣ್ಣನ ಕೆಲಸ. ಕಸ ಅಂದರೆ ಎಲೆ ಕಡ್ಡಿ ಅಂದುಕೊಳ್ಳಬೇಡಿ. ಹೊಟ್ಟೆಯುಬ್ಬಿದ ನಾಯಿ, ಆಸ್ಪತ್ರೆಯ ರಬ್ಬರ್ ಕೊಳವೆ, ಮಕ್ಕಳ ಒಂದಕ್ಕೆ ಎರಡಕ್ಕೆ ಕಟ್ಟುವ ಬಟ್ಟೆ, ಯಾರದೋ ತಲೆಗೂದಲಿನ ಮುದ್ದೆ, ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲ. ಆ ಗಂಟು ಬಿಚ್ಚಿಕೊಂಡರೆ ಮುಗಿಯಿತು, ಮಧ್ಯಾಹ್ನದ ಊಟ ಡಬ್ಬಿಯಲ್ಲೇ ಉಳಿಯುತ್ತಿತ್ತು. ಹೊಟ್ಟೆ ತೊಳೆಸುವುದು ಹೊಸದರಲ್ಲಿ ಮಾತ್ರ, ಆಮೇಲೆ ಅಭ್ಯಾಸವಾಗಿಬಿಡುತ್ತದೆ ಎಂದು ಎಲ್ಲರೂ ಸಮಾಧಾನ ಹೇಳಿದ್ದರು. ಅವನಿಗೆ ಅಭ್ಯಾಸವಾಗಲೇ ಇಲ್ಲ.

ಇದಕ್ಕೆಲ್ಲ ಹೊಳೆಯನ್ನು ಬೈದು ಪ್ರಯೋಜನವಿಲ್ಲ. ಅಲ್ಲಿನ ನೆಲವೇ ಹಾಗಿದೆ. ಮೇಲೆ ಗುಡ್ಡ, ಗುಡ್ಡವೆಲ್ಲ ಕರಿಬಂಡೆ. ಹೊಳೆ ಅಲ್ಲಿ ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತದೆ. ಕೆಳಗೆ ಬಯಲು ಸಿಕ್ಕಿದ್ದೇ ತಡ, ದೊಡ್ಡದೊಂದು ತಿರುವು ತೆಗೆದುಕೊಂಡು ಕಾಲು ಚಾಚಿ ಮಲಗಿಬಿಡುತ್ತದೆ. ಓಡುವಾಗ ಹೊತ್ತುಕೊಂಡು ಬಂದದ್ದನ್ನೆಲ್ಲ ಮಲಗುವಾಗ ಇಳಿಸುತ್ತದೆ. ತಿರುವಿನ ಹೊರಗಿನ ದಡವನ್ನು ಕೊರೆದು ತಿನ್ನುತ್ತದೆ, ಒಳಗಿನ ದಡಕ್ಕೆ ತಂದು ಸುರಿಯುತ್ತದೆ. ಹೊರದಡದವರ ಮನೆ ಹಿತ್ತಲು ವರ್ಷವರ್ಷ ನೀರಿಗೆ ಜಾರುವುದರಿಂದ ಅವರಿಗೆ ಯಾವುದರಲ್ಲೂ ನಂಬಿಕೆಯಿಲ್ಲ. ಟ್ರಂಕು ಕಟ್ಟಿಯೇ ಇಟ್ಟಿರುತ್ತಾರೆ, ಮಾತನ್ನೂ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಾರೆ. ಒಳದಡದವರಿಗೆ ವರ್ಷವರ್ಷ ಪುಕ್ಕಟೆ ಮಣ್ಣು ಬರುವುದರಿಂದ ಅವರಷ್ಟು ನಿಧಾನದವರು ಇನ್ನೊಬ್ಬರಿಲ್ಲ. ಇವತ್ತಲ್ಲ ನಾಳೆ ಹೊಳೆಯೇ ತಂದುಕೊಡುತ್ತದೆ ಎಂದು ಕೂತವರು. ಮೊದಲು ಮೆಕ್ಕಲು ಮಣ್ಣು ಬರುತ್ತಿತ್ತು, ತರಕಾರಿ ಬೆಳೆದರು. ಆಮೇಲೆ ಜಿಗುಟು ಮಣ್ಣು ಬಂತು, ಇಟ್ಟಿಗೆ ಸುಟ್ಟರು. ಈಗ ಪ್ಲಾಸ್ಟಿಕ್ಕು ಬರುತ್ತಿದೆ, ಅದನ್ನೂ ಆರಿಸಿ ಬಣ್ಣಬಣ್ಣವಾಗಿ ಬೇರೆ ಮಾಡಿ ಮಾರುತ್ತಾರೆ. ಬಂದದ್ದನ್ನೆಲ್ಲ ಕಣ್ಣಿಗೊತ್ತಿಕೊಂಡು ಹೊಟ್ಟೆ ಹೊರೆಯುವ ಈ ಬುದ್ಧಿ ಕಂಡರೆ ಥೂ ಅಣ್ಣನಿಗೆ ಮೈಯೆಲ್ಲ ಉರಿಯುತ್ತಿತ್ತು. ಅವನೂ ಒಳದಡದವನೇ.

ಆದರೆ ಅವನಿಗೆ ನಿಜವಾಗಿ ಹೇಸಿಗೆಯಿದ್ದದ್ದು ಎಸೆಯುವವರ ಮೇಲೆ. ಗುಡ್ಡದವರ ಮೇಲೆ. ತಣ್ಣನೆಯ ಗಾಳಿಯಲ್ಲಿ, ಎತ್ತರದಲ್ಲಿ, ಶುಭ್ರವಾಗಿ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಕೂತು, ಮನೆಯ ಹೊಲಸನ್ನೆಲ್ಲ ಹೊಳೆಗೆ ಬಿಟ್ಟು ಕೈತೊಳೆದುಕೊಳ್ಳುವವರು. “ಕಣ್ಣಿಗೆ ಕಾಣದಿದ್ರೆ ಸಾಕು ಅವ್ರಿಗೆ. ಇಲ್ಲೊಬ್ಬ ಕೈ ಹಾಕ್ತಾನೆ ಅಂತ ಯಾವನಿಗೆ ನೆನಪಾಗತ್ತೆ?” ಎಂದು ಹೆಂಡತಿಯ ಮುಂದೆ ದಿನಾ ಹೇಳುತ್ತಿದ್ದ. ತನ್ನ ಮನೆಯಿಂದ ಒಂದು ಬಾಳೆಹಣ್ಣಿನ ಸಿಪ್ಪೆಯೂ ಹೊಳೆಗೆ ಬೀಳಕೂಡದೆಂದು ಕಟ್ಟಪ್ಪಣೆ ಮಾಡಿದ್ದ. ಹಿತ್ತಲಿನ ಮೆತ್ತನೆಯ ಮಣ್ಣಿನಲ್ಲಿ ಗುಂಡಿ ತೋಡಿ ಎಲ್ಲವನ್ನೂ ಅದರಲ್ಲೇ ಮುಚ್ಚಬೇಕು. ಹೆಂಡತಿ ಹಾಗೇ ಮಾಡುತ್ತಿದ್ದಳು, ಗೊಣಗುತ್ತಲೇ.

ಈ ಸಿಟ್ಟಿನಿಂದ ಹುಟ್ಟಿದ್ದು ಬೇಲಿ. ಪಂಪ್‌ಹೌಸಿನ ಮುಂದೆ, ರಸ್ತೆಗೆ ತಾಗಿಕೊಂಡು ತಂತಿಬೇಲಿಯೊಂದಿತ್ತು. ಜಾಲರಿಗೆ ಸಿಕ್ಕಿದ್ದರಲ್ಲಿ ಇಂಥವರದೇ ಎಂದು ಗುರುತು ಸಿಗುವ ವಸ್ತು ಬಂದರೆ ಥೂ ಅಣ್ಣ ಅದನ್ನು ಅಲ್ಲಿ ನೇತುಹಾಕತೊಡಗಿದ. ಅಂಗಡಿಯ ಬೋರ್ಡು, ಹೆಸರು ಬರೆದ ಶಾಲೆಯ ಚೀಲ, ಮದುವೆಯ ಫೋಟೋ ಆಲ್ಬಮ್ಮು, ಹೋಟೆಲಿನ ಹೆಸರು ಕೆತ್ತಿದ ತಟ್ಟೆ. ಬಸ್ಸಿನಲ್ಲಿ ಹೋಗುವವರು ನೋಡಿದರು, ಗುಡ್ಡದ ಮೇಲೆ ಸುದ್ದಿಯಾಯಿತು. ಕೆಲವರು ಮುಖ ಕೆಂಪಗೆ ಮಾಡಿಕೊಂಡು ತಮ್ಮದನ್ನು ಬಿಡಿಸಿಕೊಂಡು ಹೋಗಲು ಬರತೊಡಗಿದರು. ಅದಕ್ಕೂ ಅವನು ನಿಯಮ ಮಾಡಿದ. ಯಾರದೋ ಅವರೇ ಬರಬೇಕು, ಹಗಲಲ್ಲೇ ಬರಬೇಕು, ತಮ್ಮ ಕೈಯಿಂದಲೇ ಬಿಚ್ಚಿಕೊಂಡು ನಡುಬೀದಿಯಲ್ಲಿ ಹಿಡಿದುಕೊಂಡು ಹೋಗಬೇಕು. ಚೀಲದಲ್ಲಿ ಮುಚ್ಚಿಡುವಂತಿಲ್ಲ.

ನಿಯಮ ಯಾರಿಗಾದರೂ ನಿಯಮವೇ. ಹೆಂಡತಿಯ ತಮ್ಮ ಅದೇ ಪಂಪ್‌ಹೌಸಿನಲ್ಲಿ ಮೋಟರು ನೋಡಿಕೊಳ್ಳುತ್ತಿದ್ದ. ಅವನು ಒಂದು ಸಲ ಮುರಿದ ಕೊಡೆಯನ್ನು ಸೇತುವೆಯಿಂದ ಎಸೆದಿದ್ದ. ಅದು ಮಧ್ಯಾಹ್ನಕ್ಕೆಲ್ಲ ಜಾಲರಿಗೆ ಬಂತು, ಸಂಜೆಗೆ ಬೇಲಿ ಹತ್ತಿತು.

“ಭಾವ, ಇದೊಂದ್ಸಲ ಬಿಟ್ಬಿಡಿ. ಮನೆಯವನೇ ಅಲ್ವಾ ನಾನು?”

“ಮನೆಯವನು ಅಂತಲೇ ಬಿಡಲ್ಲ. ಯಾರದ್ದಾದ್ರೂ ಸರಿ, ತಗೊಂಡು ನಡಿ.”

ರಸ್ತೆಯಾಚೆಯ ಇಟ್ಟಿಗೆ ಭಟ್ಟಿಯ ಹೆಂಗಸರೆಲ್ಲ ಕೈಕೆಲಸ ಬಿಟ್ಟು ನಿಂತು ನಕ್ಕರು. ಭಾವಮೈದುನ ಮುರಿದ ಕೊಡೆಯನ್ನು ಹಿಡಿದುಕೊಂಡು ತಲೆ ತಗ್ಗಿಸಿ ನಡೆದ. ಮೂರು ತಿಂಗಳು ಮಾತು ಬಿಟ್ಟಿದ್ದ, ಆಮೇಲೆ ಸರಿಹೋದ. ಹೋಗಲೇಬೇಕಲ್ಲ, ಒಂದೇ ಕಡೆ ಕೆಲಸ.

ಇನ್ನೊಂದು ಸಲ ಗುಡ್ಡದ ಟೈಲರೊಬ್ಬ ಬಂದ. ಬಡಕಲು ಮನುಷ್ಯ, ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ಬೇಲಿಯ ಮೇಲೆ ಅವನ ಅಂಗಡಿಯ ಹೆಸರಿನ ಚೀಲ, ಚೀಲದ ತುಂಬ ಕತ್ತರಿಸಿ ಉಳಿದ ಬಟ್ಟೆಯ ಚೂರು. ಒದ್ದೆಯಾಗಿ ಕೊಳೆತು ಸತ್ತ ಇಲಿಯ ನಾತ ಹೊಡೆಯುತ್ತಿತ್ತು. ಥೂ ಅಣ್ಣ ಆ ದಿನ ಕೈಗೆ ಸಿಕ್ಕಿದವನನ್ನು ಬಿಡಲಿಲ್ಲ. “ನಮ್ಮೂರೇನು ನಿಮ್ಮ ಹಿತ್ತಲಾ? ಬಟ್ಟೆ ಹೊಲೀತೀರಿ, ಮಾನ ಮುಚ್ಚೋ ಕೆಲಸ. ನಿಮ್ಮ ಮಾನ ಯಾವಾಗ ಮುಚ್ಕೊಳ್ತೀರಿ?” ಎಂದು ಜನರ ಮುಂದೆಯೇ ನೀರಿಳಿಸಿದ. ಟೈಲರು ಬೇಲಿಯ ಹತ್ತಿರ ಹೋದ. ಚೀಲವನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಇಸ್ತ್ರಿ ಮಾಡಿದ ಅಂಗಿಯ ಬೆನ್ನಿನ ಮೇಲೆ ಕಂದು ನೀರು ಇಳಿಯಿತು.

“ನಮ್ಮೂರಲ್ಲಿ ಒಂದು ಮಳೆಗಾಲ ಇದ್ದು ನೋಡಿ ಸ್ವಾಮಿ,” ಎಂದಷ್ಟೇ ಹೇಳಿ ಹೋದ.

ಥೂ ಅಣ್ಣನಿಗೆ ಇದ್ದ ಆಸೆಯೂ ಅದೇ ಎಂದು ಟೈಲರಿಗೆ ಗೊತ್ತಿರಲಿಲ್ಲ. ಗುಡ್ಡದ ತಲೆಯಲ್ಲಿ, ಹೊಳೆ ಹುಟ್ಟುವಲ್ಲಿ, ನೀರು ಸರಬರಾಜಿನವರದೇ ಒಂದು ಕೆರೆಯಿತ್ತು. ಮೇಲಿನ ಊರಿಗೆ ನೀರು ಬಿಡುವ ವಾಲ್ವು ತಿರುಗಿಸಲು ಅಲ್ಲೊಬ್ಬ ನೌಕರ, ಅವನಿಗೊಂದು ಮನೆ. ಆ ಜಾಗಕ್ಕೆ ವರ್ಗ ಮಾಡಿಸಿಕೊಳ್ಳಬೇಕೆಂದು ಥೂ ಅಣ್ಣ ಪ್ರತಿ ಹೊಸ ಇಂಜಿನಿಯರಿಗೂ ಕೈಮುಗಿದು ಕೇಳಿದ್ದ. ದುಡ್ಡು ಹೆಚ್ಚೇನಿಲ್ಲ. ಸಾಯುವುದರೊಳಗೆ ಒಂದು ಲೋಟ ನೀರನ್ನು ಮೂಸದೆ ಕುಡಿಯಬೇಕು ಅನ್ನುವುದೊಂದೇ ಅವನ ಹಟ. ತಿರುವಿನವರೆಲ್ಲ ಲೋಟ ಎತ್ತಿದರೆ ಮೊದಲು ಮೂಗಿಗೆ, ಆಮೇಲೆ ಬಾಯಿಗೆ. ಸ್ವಂತ ಮನೆಯಲ್ಲಿ, ಕುದಿಸಿ ಸೋಸಿದ ನೀರನ್ನೂ ಹೀಗೆ ಅನುಮಾನದಿಂದ ಕುಡಿಯುವ ಬಾಳು ಅವನಿಗೆ ಸಾಕಾಗಿತ್ತು.

ಕೈಗೆ ಹುಣ್ಣಾಗಿ ಒಡೆದು, ಡಾಕ್ಟರು ಇನ್ನು ಆ ನೀರು ಮುಟ್ಟಕೂಡದು ಎಂದ ಮೇಲೆ ಇಂಜಿನಿಯರ ಮನಸ್ಸು ಕರಗಿತು. ಕೊಕ್ಕೆಯೂ ಬೇಲಿಯೂ ಭಾವಮೈದುನನ ಪಾಲಿಗೆ ಬಂದವು. ಹೊರಡುವ ದಿನ ಥೂ ಅಣ್ಣ ಅವನ ಹೆಗಲ ಮೇಲೆ ಕೈಯಿಟ್ಟು, “ಬೇಲಿ ಖಾಲಿ ಬಿಡಬೇಡ ಕಣೋ. ಹೆದರ್ಬೇಡ, ಯಾರದ್ದಾದ್ರೂ ಹಾಕು,” ಎಂದ. ತನ್ನ ಗಂಬೂಟನ್ನೂ ಕೊಟ್ಟುಬಿಡುತ್ತಿದ್ದ, ಭಾವಮೈದುನನ ಪಾದ ದೊಡ್ಡದು. ಪಂಪ್‌ಹೌಸಿನಲ್ಲಿ ಎಲ್ಲರ ಬೂಟೂ ಒಂದೇ ಥರ ಇರುವುದರಿಂದ ಒಬ್ಬೊಬ್ಬರು ಒಂದೊಂದು ಬಣ್ಣದ ಬಳೆ ಬಳಿದುಕೊಳ್ಳುವ ಪದ್ಧತಿ. ಥೂ ಅಣ್ಣನದು ಹಳದಿ. ಬಾಗಿಲಿಗೆ ಬಳಿದು ಉಳಿದ ಬಣ್ಣದಲ್ಲಿ ಹೆಂಡತಿ ಎರಡು ಬೂಟಿನ ಕುತ್ತಿಗೆಗೂ ದಪ್ಪಗೆ ಎಳೆದದ್ದು. ಆ ಬೂಟುಗಳೂ ಸಾಮಾನಿನ ಜೊತೆ ಗುಡ್ಡ ಹತ್ತಿದವು.

ಮೇಲಿನ ಮನೆ ನೋಡಿ ಹೆಂಡತಿ ಕಣ್ಣು ತುಂಬಿಕೊಂಡಳು. ಎರಡು ಕೋಣೆ, ಗಟ್ಟಿ ಹೆಂಚು, ಹಿಂದೆ ಜಗಲಿ, ಅಡುಗೆಮನೆಯ ಕಿಟಕಿಯಿಂದ ಕೈ ಚಾಚಿದರೆ ಮೋಡ. ಥೂ ಅಣ್ಣ ಕೆರೆಯಿಂದ ನೇರವಾಗಿ ಒಂದು ಲೋಟ ನೀರು ಮೊಗೆದು, ಅಭ್ಯಾಸಬಲದಿಂದ ಮೂಗಿನವರೆಗೆ ತಂದು, ತಡೆದು, ಗಟಗಟ ಕುಡಿದ. ಬದುಕು ಸಾರ್ಥಕವಾಯಿತು ಅನ್ನಿಸಿತು. ಪಕ್ಕದ ಮನೆಯ ಬಾಗಿಲು ತೆರೆದು ಕೊರಳಲ್ಲಿ ಟೇಪು ಹಾಕಿಕೊಂಡ ಟೈಲರು ಹೊರಗೆ ಬಂದದ್ದೂ ಆಗಲೇ. ಇಬ್ಬರಿಗೂ ಗುರುತು ಹತ್ತಿತು. ಟೈಲರು ತಲೆಯಾಡಿಸಿ, “ಬಂದ್ರಾ? ಒಳ್ಳೇದಾಯ್ತು,” ಎಂದು ಒಳಗೆ ಹೋದ. ಅದರಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ತಿಳಿಯದೆ ಥೂ ಅಣ್ಣ ರಾತ್ರಿಯೆಲ್ಲ ಹೊರಳಾಡಿದ.

ಮಾರನೆಯ ದಿನ ಹಿತ್ತಲಿನಲ್ಲಿ ಕಸದ ಗುಂಡಿ ತೋಡಲು ಹಾರೆ ಹಿಡಿದು ಹೋದ. ಮೊದಲನೆಯ ಏಟಿಗೇ ಕಿಡಿ ಹಾರಿತು. ಜಾಗ ಬದಲಾಯಿಸಿದ, ಅಲ್ಲೂ ಬಂಡೆ. ಇನ್ನೊಂದು ಕಡೆ ಅಂಗೈ ಅಗಲದ ಮಣ್ಣಿತ್ತು, ಅದರ ಕೆಳಗೆ ಮತ್ತೆ ಬಂಡೆ. ಮಧ್ಯಾಹ್ನದ ಹೊತ್ತಿಗೆ ಹಾರೆಯ ಮೂತಿ ಮೊಂಡಾಗಿ, ಅವನ ತೋಳು ಸೋತು, ಒಂದು ತೆಂಗಿನಕಾಯಿ ಹೂಳುವಷ್ಟೂ ಗುಂಡಿಯಾಗಿರಲಿಲ್ಲ. ಸುಡೋಣವೆಂದರೆ ವರ್ಷದ ಮುಕ್ಕಾಲು ಭಾಗ ಮಳೆ ಮಂಜು, ಕಸ ಹೊಗೆಯಾಡುತ್ತದೆಯೇ ಹೊರತು ಉರಿಯುವುದಿಲ್ಲ. ಕಸ ಒಯ್ಯುವ ಲಾರಿ ಆ ಕಡಿದಾದ ರಸ್ತೆ ಹತ್ತಿದ್ದೇ ಇಲ್ಲ. ಗುಡ್ಡದವರ ಗುಟ್ಟು ಆಗ ಅವನಿಗೆ ಹೊಳೆಯಿತು. ಅವರ ಊರಿನಲ್ಲಿ ಬಿದ್ದದ್ದನ್ನು ನುಂಗುವ ಮಣ್ಣೇ ಇಲ್ಲ. ಇರುವುದೆಲ್ಲ ಇಳಿಜಾರು, ಇಳಿಜಾರಿನ ಕೊನೆಗೆ ಹೊಳೆ.

ಹೊಳೆದರೂ ಅವನು ಸೋಲಲು ತಯಾರಿರಲಿಲ್ಲ. ಕಸವನ್ನು ಚೀಲದಲ್ಲಿ ಕಟ್ಟಿ, ವಾರಕ್ಕೊಮ್ಮೆ ಬಸ್ಸಿನಲ್ಲಿ ಕೆಳಗೆ ಒಯ್ದು ಪೇಟೆಯ ತೊಟ್ಟಿಗೆ ಹಾಕಿ ಬರತೊಡಗಿದ. ಬಸ್ಸಿನಲ್ಲಿ ಜನ ಮೂಗು ಮುಚ್ಚಿಕೊಂಡು ದೂರ ಸರಿದು ಕೂರುತ್ತಿದ್ದರು. ಒಂದು ದಿನ ರಸ್ತೆಯ ತಿರುವಿನಲ್ಲಿ ಚೀಲ ಉರುಳಿ ಒಬ್ಬ ಹೆಂಗಸಿನ ಸೀರೆಯ ಮೇಲೆ ರಸ ಸೋರಿತು. ಕಂಡಕ್ಟರು ನಡುದಾರಿಯಲ್ಲೇ ಇಳಿಸಿ, “ನಿಮ್ಮ ಸ್ವಚ್ಛತೆ ನಿಮ್ಮನೇಲಿ ಇಟ್ಕೊಳ್ಳಿ ಯಜಮಾನ್ರೇ,” ಎಂದ. ಮಳೆಯಲ್ಲಿ ಚೀಲ ಹೊತ್ತುಕೊಂಡು ಗುಡ್ಡ ಹತ್ತಿ ವಾಪಸ್ಸು ಬಂದ.

ಅಲ್ಲಿಂದ ಚೀಲಗಳು ಹಿಂದಿನ ಜಗಲಿಯಲ್ಲಿ ಸೇರತೊಡಗಿದವು. ಮಳೆ ಹಿಡಿಯಿತು. ಚೀಲದೊಳಗೆ ಹುಳ ಮಿಜಿಮಿಜಿ ಅನ್ನತೊಡಗಿದವು, ಇಲಿ ಬಂದವು, ಅಡುಗೆಮನೆಯ ಬಾಗಿಲು ಮುಚ್ಚಿದರೂ ನಾತ ನುಗ್ಗಿತು. ಅನ್ನದ ತಟ್ಟೆಯ ಮುಂದೆ ಕೂತರೆ ಅದೇ ಹಳೆಯ ವಾಕರಿಕೆ.

“ಅಲ್ಲಿ ಹೊಳೆ ನಾರ್ತಿತ್ತು, ಮನೆ ಚೆನ್ನಾಗಿತ್ತು. ಇಲ್ಲಿ ಹೊಳೆ ಚೆನ್ನಾಗಿದೆ, ಮನೆ ನಾರ್ತಿದೆ. ಏನ್ ಮಾಡೋಣ ಹೇಳ್ರೀ?” ಎಂದಳು ಹೆಂಡತಿ.

“ಏನಾದ್ರೂ ಮಾಡೋಣ ಇರು.”

“ನೀವು ಏನೂ ಮಾಡಲ್ಲ. ಥೂ ಅಂತೀರಿ ಅಷ್ಟೆ.”

ಅವಳು ಮೊದಲು ತರಕಾರಿ ಸಿಪ್ಪೆಯನ್ನು ಹೊಳೆಗೆ ಹಾಕಿದಳು, ಅವನು ವಾಲ್ವಿನ ಹತ್ತಿರ ಹೋದಾಗ. ಬುಟ್ಟಿ ಖಾಲಿಯಾದದ್ದು ಅವನಿಗೆ ಕಂಡಿತು, ಕೇಳಲಿಲ್ಲ. ಸಿಪ್ಪೆ ತಾನೇ, ಮೀನು ತಿನ್ನುತ್ತವೆ ಅಂದುಕೊಂಡ. ಆಮೇಲೆ ಕೊಳೆತ ಚೀಲಗಳು ಒಂದೊಂದಾಗಿ ಮಾಯವಾದವು. ಅದನ್ನೂ ಕೇಳಲಿಲ್ಲ. ಕೇಳದೆ ಇರುವುದು ಎಷ್ಟು ಸುಲಭವೆಂದು ಅವನಿಗೇ ಆಶ್ಚರ್ಯವಾಯಿತು. ಊಟ ಮತ್ತೆ ರುಚಿಸತೊಡಗಿತು.

ಕೊನೆಗೆ ಉಳಿದದ್ದು ಗಂಬೂಟು. ಜಗಲಿಯ ಮೊಳೆಗೆ ನೇತಾಡುತ್ತಿದ್ದವು, ರಬ್ಬರು ಬಿರುಕು ಬಿಟ್ಟಿತ್ತು. ತೇವ ಬಿದ್ದಾಗಲೆಲ್ಲ ತಿರುವಿನ ಅಷ್ಟೂ ವರ್ಷಗಳ ಹೊಲಸು ಅದರೊಳಗಿಂದ ಉಸಿರು ಬಿಡುತ್ತಿತ್ತು. ಸೋಪು, ಬೂದಿ, ಬಿಸಿನೀರು ಯಾವುದಕ್ಕೂ ಜಗ್ಗಲಿಲ್ಲ. ಹೆಂಡತಿ ಅವನ್ನು ಮುಟ್ಟಲೊಲ್ಲಳು. “ಅದು ನಿಮ್ದು, ನೀವೇ ನೋಡ್ಕೊಳ್ಳಿ,” ಅಂದುಬಿಟ್ಟಳು.

ಒಂದು ಸಂಜೆ ಅವನು ಬೂಟುಗಳನ್ನು ಹಿಡಿದು ಮನೆಯ ಹತ್ತಿರದ ಕಾಲುಸೇತುವೆಯ ಮೇಲೆ ನಿಂತ. ಹಾಗೇ ಎಸೆದರೆ ತೇಲಿಕೊಂಡು ಹೋಗಿ ಎಲ್ಲಿ ಸೇರುತ್ತವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ತೇಲಿದ್ದೆಲ್ಲ ಜಾಲರಿಗೆ, ಮುಳುಗಿದ್ದು ಮಡುವಿಗೆ. ಸೇತುವೆಯ ತುದಿಯಲ್ಲಿ ಬಗ್ಗಿ, ಕರಿಬಂಡೆಯ ಚೂರುಗಳನ್ನು ಆರಿಸಿ ಎರಡೂ ಬೂಟಿಗೆ ಬೆರಳಿನ ತುದಿಯಿಂದ ಕುತ್ತಿಗೆಯವರೆಗೆ ತುಂಬಿದ. ಗುಳುಕ್ ಅಂತ ಒಂದು, ಗುಳುಕ್ ಅಂತ ಇನ್ನೊಂದು. ಮೈ ಹಗುರವಾದಂತಾಯಿತು. ತಿರುಗಿದರೆ ಟೈಲರು ತನ್ನ ಕಿಟಕಿಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ. ನೋಡಿದನೋ ಇಲ್ಲವೋ, ತಲೆಯೆತ್ತಲಿಲ್ಲ. ಮನೆಗೆ ಬಂದು ಥೂ ಅಣ್ಣ ಒಂದು ಲೋಟ ನೀರು ಬಗ್ಗಿಸಿಕೊಂಡ. ಕುಡಿಯುವ ಮೊದಲು ಅವನ ಕೈ ತಾನಾಗಿಯೇ ಲೋಟವನ್ನು ಮೂಗಿಗೆ ಒಯ್ದಿತು. ನೀರಿಗೆ ವಾಸನೆಯಿರಲಿಲ್ಲ. ಕೈಗಿತ್ತು.

ಆ ವರ್ಷ ಮಳೆ ಜೋರಾಯಿತು. ಪ್ರವಾಹ ಇಳಿದ ಮೇಲೆ ಕೆರೆಯ ವಾಲ್ವು ಸೋರತೊಡಗಿತು. ಅದರ ವಾಷರು ಕೆಳಗಿನ ಪಂಪ್‌ಹೌಸಿನ ಸ್ಟೋರಿನಲ್ಲೇ ಸಿಗುವುದು. ಥೂ ಅಣ್ಣ ಒಗೆದ ಅಂಗಿ ಹಾಕಿಕೊಂಡು ಬಸ್ಸಿನಲ್ಲಿ ಇಳಿದ. ಬಹಳ ದಿನದ ಮೇಲೆ ಊರಿಗೆ ಹೋಗುತ್ತಿದ್ದೇನೆ, ಗುಡ್ಡದ ಗಾಳಿಗೆ ಮುಖ ತುಂಬಿಕೊಂಡಿದೆ, ಎಲ್ಲರೂ ನೋಡಲಿ ಎಂದು ಸ್ವಲ್ಪ ಬಿಗುಮಾನವೂ ಇತ್ತು. ಭಟ್ಟಿಯ ಹೆಂಗಸರು ಅವನನ್ನು ಕಂಡು ಏನೂ ಕೂಗಲಿಲ್ಲ. ಟೀ ಅಂಗಡಿಯವನು ಲೋಟ ತೊಳೆಯುತ್ತ, ಮುಖ ನೋಡದೆಯೇ, “ಬನ್ನಿ ಥೂ ಅಣ್ಣ, ಟೀ ಕುಡೀರಿ ಮೊದಲು,” ಎಂದ. ಆ ‘ಮೊದಲು’ ಅವನ ಎದೆಗೆ ಚುಚ್ಚಿತು. ಟೀ ಕುಡಿಯದೆ ನಡೆದ.

ಬೇಲಿಯ ಮೇಲೆ ಪ್ರವಾಹದ ಸುಗ್ಗಿಯೇ ನೇತಾಡುತ್ತಿತ್ತು. ಒಂದು ಶಾಲೆಯ ಬೋರ್ಡು, ಒಂದು ತೊಟ್ಟಿಲು, ಹೆಸರು ಬರೆದ ಎರಡು ಸ್ಟೂಲು. ಅವುಗಳ ನಡುವೆ ಒಂಟಿ ಗಂಬೂಟು, ಹಿಮ್ಮಡಿ ಸೀಳಿದ್ದು. ಹೊರಗಿನ ಕೆಸರೆಲ್ಲ ತೊಳೆದು ಹೋಗಿ ಕುತ್ತಿಗೆಯ ಹಳದಿ ಬಳೆ ಮಾತ್ರ ಮದುವೆಗೆ ಬಳಿದಷ್ಟು ಹೊಸದಾಗಿ ಹೊಳೆಯುತ್ತಿತ್ತು. ಗುಡ್ಡದವರಿಗೆ ಆ ಬಳೆ ಏನೆಂದು ಗೊತ್ತಿರಲಿಲ್ಲ, ಅಲ್ಲಿದ್ದು ಅವನೂ ಮರೆತಿದ್ದ. ಇಲ್ಲಿ ಅದನ್ನು ಅರಿಯದವನು ಒಬ್ಬನೇ ಒಬ್ಬನೂ ಇರಲಿಲ್ಲ.

ಭಾವಮೈದುನ ಮೋಟರ್ ಕೋಣೆಯಿಂದ ಹೊರಗೆ ಬಂದ. ನಗಲಿಲ್ಲ. ನಕ್ಕಿದ್ದರೆ ಥೂ ಅಣ್ಣ ಒಂದೆರಡು ಬೈದು ಹಗುರವಾಗುತ್ತಿದ್ದ.

“ಎರಡು ದಿನ ಒಳಗೇ ಇಟ್ಕೊಂಡಿದ್ದೆ ಭಾವ. ಆಮೇಲೆ ಜನ ಒಳಗೆ ಬಂದು ನೋಡಿಬಿಟ್ರು. ನೀವೇ ಹೇಳಿದ್ರಲ್ಲ, ಯಾರದ್ದಾದ್ರೂ ಅಂತ.”

“ತೇಲ್ಕೊಂಡು ಬಂತಾ?” ಎಂದು ಕೇಳಿದ ಥೂ ಅಣ್ಣ. ಕೇಳಬಾರದಿತ್ತು.

ಭಾವಮೈದುನ ಸುತ್ತ ನೋಡಿ, ಜೇಬಿನಿಂದ ಒಂದು ಕಲ್ಲು ತೆಗೆದು ಅವನ ಅಂಗೈಯಲ್ಲಿಟ್ಟ. ಕರಿಬಂಡೆಯ ಚೂರು. ತಿರುವಿನಲ್ಲಿ ಮರಳಿದೆ, ಜೇಡಿಯಿದೆ, ಅಂಥ ಕಲ್ಲು ಹುಡುಕಿದರೂ ಸಿಗದು.

“ತಳದಲ್ಲಿ ಉರುಳ್ಕೊಂಡು ಬಂದಿದೆ. ಉಳಿದದ್ದೆಲ್ಲ ದಾರೀಲಿ ಚೆಲ್ಲಿರಬೇಕು, ಇದೊಂದು ಹೆಬ್ಬೆರಳಿನ ಹತ್ರ ಸಿಕ್ಕಿಹಾಕ್ಕೊಂಡಿತ್ತು. ಇದನ್ನ ಯಾರಿಗೂ ತೋರಿಸ್ಲಿಲ್ಲ.” ಜಾಲರಿಯ ಕಡೆ ನೋಡಿ, “ಇನ್ನೊಂದು ಬೂಟು ಇನ್ನೂ ಬಂದಿಲ್ಲ ಭಾವ,” ಎಂದ.

ಬೈಗುಳವಾದರೆ ತಾಳಿಕೊಳ್ಳಬಹುದು. ಈ ದಯೆ ಅವನ ಮುಖಕ್ಕೆ ಉಗಿದಂತಾಯಿತು. ತಾನು ಮೋಸ ಮಾಡಿದ್ದು ಹೊಳೆಗಲ್ಲ, ಜಾಲರಿಯ ಹಿಂದೆ ಕೊಕ್ಕೆ ಹಿಡಿದು ನಿಂತವನಿಗೆ ಎಂದು ಅವನಿಗೆ ಗೊತ್ತಿತ್ತು, ಕಲ್ಲು ತುಂಬುವಾಗಲೂ ಗೊತ್ತಿತ್ತು. ತನ್ನ ಮೇಲೆಯೇ ಹೇಸಿಗೆ ಹುಟ್ಟಿ ಗಂಟಲಿಗೆ ಬಂತು. ಉಗುಳಲು ಜಾಗ ಕಾಣಲಿಲ್ಲ.

ಕಲ್ಲನ್ನು ಜೇಬಿಗೆ ಹಾಕಿಕೊಂಡು, ಬೇಲಿಯ ಹತ್ತಿರ ಹೋಗಿ, ತಂತಿಯ ಗಂಟನ್ನು ತನ್ನ ಕೈಯಿಂದಲೇ ಬಿಚ್ಚಿದ. ಭಾವಮೈದುನ, “ಹಿಂದಿನ ಕಾಲುದಾರೀಲಿ ಹೋಗಿ ಭಾವ, ಬಿಸಿಲು,” ಎಂದ. ಥೂ ಅಣ್ಣ ಬೇಡವೆಂದು ತಲೆಯಾಡಿಸಿ ನಡುಬೀದಿಗೇ ಇಳಿದ. ಭಟ್ಟಿಯ ಹೆಂಗಸರು ಇಟ್ಟಿಗೆಯ ಕಡೆ ಮುಖ ತಿರುಗಿಸಿಕೊಂಡರು. ಬೂಟಿನೊಳಗೆ ಇನ್ನೂ ಉಳಿದಿದ್ದ ಕೆಸರು ನೀರು ಒಗೆದ ಅಂಗಿಯ ಮೇಲೆ ಕಂದಾಗಿ ಇಳಿಯಿತು. ವಾಷರು ಕೇಳಲು ಮರೆತದ್ದು ಬಸ್ಸು ಗುಡ್ಡ ಹತ್ತುವಾಗ ನೆನಪಾಯಿತು.

ಮೇಲೆ ಬಸ್ಸು ನಿಲ್ಲುವಲ್ಲಿ ಟೈಲರು ಯಾರನ್ನೋ ಕಾಯುತ್ತ ಕೂತಿದ್ದ. ಬೂಟನ್ನು ನೋಡಿದ, ಅಂಗಿಯನ್ನು ನೋಡಿದ. ಬೆಂಚಿನ ಮೇಲೆ ಒಂದಿಷ್ಟು ಸರಿದು ಜಾಗ ಬಿಟ್ಟ. ಥೂ ಅಣ್ಣ ಕೂರಲಿಲ್ಲ. ಕಾಲುಸೇತುವೆಯನ್ನು ಎರಡೂ ಕಡೆ ನೋಡದೆ ದಾಟಿ ಮನೆಯ ಹಿಂದಿನ ಜಗಲಿಗೆ ಬಂದು ನಿಂತ.

ಹೆಂಡತಿ ಒಳಗಿನಿಂದಲೇ ಮೂಗಿಗೆ ಸೆರಗು ಒತ್ತಿಕೊಂಡು ಬಂದಳು. “ಥೂ! ಏನ್ರೀ ಅದು? ಯಾರದ್ದು ಹೊತ್ಕೊಂಡು ಬಂದ್ರಿ?”

“ನಂದೇ,” ಎಂದು ಅವನು ಬೂಟನ್ನು ಅದೇ ಹಳೆಯ ಮೊಳೆಗೆ ಹಾಕಿದ.